ತೊಳೆಯದೆ ಉಳಿದ ಗಡಿಗೆ

ಅಧ್ಯಕ್ಷಪೀಠದಲ್ಲಿರುವ ಪಟೇಲ್ ಚನ್ನರಾಯಪ್ಪನವರೇ, ಕೋಲಾರದಿಂದ ದಯಮಾಡಿಸಿರುವ ಡಾಕ್ಟರೇ, ಲಕ್ಕೂರಿನ ಸಭಿಕರೇ,

ಆರು ವರ್ಷ ನಿಮ್ಮ ಹೋಬಳಿಯ ಹೆಲ್ತ್ ಇನ್‌ಸ್ಪೆಕ್ಟರಾಗಿದ್ದೆ. ನಾಳೆ ಶ್ರೀನಿವಾಸಪುರಕ್ಕೆ ವರ್ಗವಾಗಿ ಹೋಗುತ್ತಿದ್ದೇನೆ. ಮೂವತ್ತೆಂಟನೆಯ ಇಸವಿಯ ವಾಂತಿಭೇದಿಯನ್ನು ನಾನು ತಡೆದೆನೆಂದು ಈಗ ಮಾತನಾಡಿದವರೆಲ್ಲ ಹೊಗಳಿದರು. ಬಾವಿಗಳಿಗೆ ಕೆಂಪು ಔಷಧಿ ಹಾಕಿಸಿದ್ದು ನಿಜ. ಆ ಹೊಗಳಿಕೆ ಬೇಡವೆನ್ನುವುದಿಲ್ಲ. ಆದರೆ ಗಡಿಗೆಗಳ ವಿಷಯ ಯಾರೂ ಎತ್ತಲಿಲ್ಲ. ಅದು ನಿಮ್ಮ ದೊಡ್ಡತನ.

ಬಾವಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದೆನೇ? ಇಲ್ಲ. ಮನೆಮನೆಗೂ ಹೋಗಿ ಅಂಬಲಿ ಗಡಿಗೆ, ಮೊಸರಿನ ಗಡಿಗೆಗಳನ್ನೆಲ್ಲ ಕುದಿಯುವ ನೀರಿನಲ್ಲಿ ತೊಳೆಸಿದೆ. ಹುಳಿಯೆಂದರೆ ಕೊಳೆಯೆಂದು ತಿಳಿದಿದ್ದೆ. ಮೊದಲು ತೊಳೆಸಿದ್ದು ನನ್ನ ಮನೆಯದನ್ನೇ. ನನ್ನ ಹೆಂಡತಿ ವೆಂಕಟರತ್ನಮ್ಮ ಮುಳಬಾಗಿಲಿನ ತವರಿನಿಂದ ಹೆಪ್ಪು ತಂದಿದ್ದಳು; ಹನ್ನೆರಡು ವರ್ಷ ಅದರಿಂದಲೇ ದಿನವೂ ಹಾಲಿಗೆ ಹೆಪ್ಪು ಹಾಕುತ್ತ ಬಂದಿದ್ದಳು. ಅದನ್ನು ಚೆಲ್ಲಿದೆ. ಅವಳು ಏನೂ ಹೇಳಲಿಲ್ಲ. ಏನೂ ಹೇಳಲಿಲ್ಲವೆಂದರೆ, ಹನ್ನೊಂದು ದಿನ ಏನೂ ಹೇಳಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಹಾಲು ಹಾಲಾಗಿಯೇ ಉಳಿಯಿತು.

ಮರುವರ್ಷ ಅವಳಿಗೆ ರಕ್ತಭೇದಿಯಾಯಿತು. ರೋಗವೇನೋ ಔಷಧಿಗೆ ಬಗ್ಗಿತು, ಹೊಟ್ಟೆ ಮಾತ್ರ ಹಿಡಿತಕ್ಕೆ ಬರಲಿಲ್ಲ. ಗಂಜಿ, ಬಾರ್ಲಿ ನೀರು, ಏನು ಕೊಟ್ಟರೂ ಅರ್ಧ ಗಂಟೆ ನಿಲ್ಲುತ್ತಿರಲಿಲ್ಲ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಕೈಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ನಾನು ಜಗುಲಿಯಲ್ಲಿ ರಿಪೋರ್ಟು ಬರೆಯುತ್ತ ಕೂತಿರುತ್ತಿದ್ದೆ. ಬರೆಯಲು ಏನೂ ಇರಲಿಲ್ಲ.

ಒಂದು ಬೆಳಗ್ಗೆ ಎದುರು ಮನೆಯ ಚಿಕ್ಕಗಂಗಮ್ಮನವರು ಸೆರಗಿನ ಮರೆಯಲ್ಲಿ ಗಡಿಗೆ ಹಿಡಿದು ಬಂದರು.

“ಸಾಮಿ, ನೀವು ತೊಳ್ಸೋಕೆ ಬಂದಾಗ ಇದನ್ನ ರಾಗಿ ಮೂಟೆ ಹಿಂದೆ ಬಚ್ಚಿಟ್ಟಿದ್ದೆ. ಕೇಸ್ ಹಾಕ್ತೀರೋ, ಅಮ್ಮಯ್ಯಂಗೆ ಕುಡಿಸ್ತೀರೋ, ನೀವೇ ನೋಡ್ಕಳ್ಳಿ.”

ತಳಕ್ಕೆ ಅಂಟಿದ ಹಳೆಯ ಹುಳಿಯಲ್ಲಿ ಹಿಂದಿನ ದಿನ ಕಲಸಿಟ್ಟ ರಾಗಿ ಅಂಬಲಿ, ಮೇಲೆ ತಿಳಿ ಮಜ್ಜಿಗೆ. ನಾನು ಬಗ್ಗಿ ಗಡಿಗೆಯ ಬಾಯಿ ಮೂಸಿ ನೋಡಿದೆ. ಒಳಗಿನಿಂದ ಹೆಂಡತಿಯ ದನಿ ಬಂತು: “ಅವರನ್ನೇನು ಕೇಳ್ತೀರಕ್ಕಾ? ಇಲ್ಲಿ ತನ್ನಿ.”

ಮೊದಲ ದಿನ ಎರಡೇ ಚಮಚ. ಮರುದಿನ ಅರ್ಧ ಲೋಟ. ಐದನೆಯ ದಿನ ಅಂಬಲಿಗೆ ಉಪ್ಪು ಸಾಲದೆಂದು ನನ್ನ ಮೇಲೆ ರೇಗಿದಳು. ಅಷ್ಟು ಇಂಪಾದ ಬೈಗುಳ ನಾನು ಕೇಳಿಲ್ಲ.

ಆಮೇಲೆ ಈ ಡಾಕ್ಟರು ವಿವರಿಸಿದರು. ಹುಳಿ ಮಜ್ಜಿಗೆಯಲ್ಲಿ, ಅಂಬಲಿಯಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ. ಜೀವಾಣುಗಳೆಲ್ಲ ಶತ್ರುಗಳಲ್ಲ. ಭೇದಿಯಿಂದ ಬರಿದಾದ ಕರುಳಿನಲ್ಲಿ ಒಳ್ಳೆಯವು ಮತ್ತೆ ನೆಲೆಯೂರಬೇಕು. ನಿಮ್ಮ ಮನೆಯವರು ಅದರಿಂದಲೇ ಉಳಿದರೆಂದು ಆಣೆಯಿಟ್ಟು ಹೇಳಲಾರೆ ಎಂದೂ ಸೇರಿಸಿದರು. ನನಗೆ ಅಷ್ಟು ಸಾಕಾಯಿತು.

ಮೂವತ್ತೆಂಟರ ರಿಪೋರ್ಟಿನಲ್ಲಿ ‘ಗ್ರಾಮದ ಎಲ್ಲ ಗಡಿಗೆಗಳನ್ನೂ ತೊಳೆಸಲಾಗಿದೆ’ ಎಂದು ಬರೆದು ರುಜು ಹಾಕಿದ್ದೆ. ಅದು ಸುಳ್ಳಾಗಿದ್ದರಿಂದಲೇ ಇವತ್ತು ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ.

ಶಾಲು ಹೊದಿಸಿದಿರಿ, ಸಂತೋಷ. ಏನೋ ಹುಳಿ ವಾಸನೆಯೆಂದು ಅಧ್ಯಕ್ಷರು ಎರಡು ಸಲ ಅತ್ತಿತ್ತ ನೋಡಿದರು. ಅದು ನನ್ನ ಕುರ್ಚಿಯ ಕೆಳಗಿದೆ. ಚಿಕ್ಕಗಂಗಮ್ಮನವರು ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿರುವ ಅದೇ ಗಡಿಗೆ. ನಾಳೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ. ತೊಳೆಸುವುದಿಲ್ಲವೆಂದು ಅವರಿಗೆ ಮಾತು ಕೊಟ್ಟಿದ್ದೇನೆ.

ನಿಮ್ಮೆಲ್ಲರ ಉಪಕಾರ ನೆನೆಯುತ್ತ ಕುಳಿತುಕೊಳ್ಳುತ್ತೇನೆ. ನಮಸ್ಕಾರ.