ಬಾಯಾರು ಹೇಳದ ಹೆಸರುಗಳು

ಮಡಿವಾಳೆಪ್ಪ ತಂದೆ ರುದ್ರಪ್ಪ ಕೊಪ್ಪದ, ವಯಸ್ಸು 52 ವರ್ಷ, ಉದ್ಯೋಗ ಖಾನಾವಳಿ ನಡೆಸುವುದು, ಮೂಲ ಊರು ಯರಗುಪ್ಪಿ, ಸದ್ಯ ವಾಸ ಬಸ್ ನಿಲ್ದಾಣದ ಹಿಂದೆ, ಕುಂದಗೋಳ, ಜಿಲ್ಲೆ ಧಾರವಾಡ.

ನಾನು ಇಂದು ದಿನಾಂಕ 22-8-1988ರ ಸೋಮವಾರ ಬೆಳಿಗ್ಗೆ 10-15 ಗಂಟೆಗೆ, ಯಾರೂ ಕರೆಯದಿದ್ದರೂ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮತ್ತು ನನ್ನ ಹೆಂಡತಿ ಗುರವ್ವ ಹದಿನಾಲ್ಕು ವರ್ಷಗಳಿಂದ ಖಾನಾವಳಿ ನಡೆಸುತ್ತಿದ್ದೇವೆ. ರೊಟ್ಟಿ ಬಡಿಯುವವಳು ಗುರವ್ವ, ಬಡಿಸುವವನು ನಾನು. ಮಧ್ಯಾಹ್ನ ಮೂವತ್ತೈದರಿಂದ ನಲವತ್ತು ಮಂದಿ ಉಣ್ಣುತ್ತಾರೆ. 1985ರ ಚಳಿಗಾಲದಲ್ಲಿ ನನ್ನ ಎಡಗೈಯ ಎರಡು ಬೆರಳುಗಳಿಗೆ ಬಿಸಿ ತಿಳಿಯದಂತಾಯಿತು. ಹಂಚಿಗೆ ತಗುಲಿ ಬೆರಳು ಸುಟ್ಟು ಗುಳ್ಳೆ ಎದ್ದದ್ದನ್ನು ಗುರವ್ವ ತೋರಿಸಿದ ಮೇಲೆಯೇ ನನಗೆ ಗೊತ್ತಾಯಿತು. ಹುಬ್ಬಳ್ಳಿಯ ಡಾಕ್ಟರೊಬ್ಬರು ಪರೀಕ್ಷೆ ಮಾಡಿ ಇದು ಕುಷ್ಠರೋಗವೆಂದೂ, ಗುಳಿಗೆಯಿಂದ ವಾಸಿಯಾಗುತ್ತದೆಂದೂ, ಗುಳಿಗೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹತ್ತುವುದಿಲ್ಲವೆಂದೂ ತಿಳಿಸಿದರು.

ಸದರಿ ಡಾಕ್ಟರು ಪ್ರತಿ ಬುಧವಾರ ಕುಂದಗೋಳಕ್ಕೆ ಬಂದು ಸಾವಿತ್ರೆವ್ವ ಎಂಬವರ ಮನೆಯಲ್ಲಿ ರೋಗಿಗಳನ್ನು ನೋಡುತ್ತಾರೆ. ಸಾವಿತ್ರೆವ್ವನವರ ವಯಸ್ಸು ಅಂದಾಜು 38. ಮೊದಲು ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಊರವರು ಗೌರವದಿಂದ ಬಾಯಾರು ಎಂದು ಕರೆಯುತ್ತಾರೆ. ಅವರ ಮನೆ ನನ್ನ ಖಾನಾವಳಿಯಿಂದ ಅಂದಾಜು 600 ಮೀಟರ್ ದೂರದಲ್ಲಿದೆ. ನಮ್ಮಂಥವರು ಹಿತ್ತಲ ಬಾಗಿಲಿನಿಂದ ಹೋಗಬೇಕು, ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಗೊತ್ತು ಮಾಡಿರುತ್ತಾರೆ. ಎರಡೂವರೆ ವರ್ಷ ಆ ಮನೆಗೆ ಹೋಗಿ ಬಂದಿದ್ದೇನೆ. ಒಂದು ಸಲವೂ ಇನ್ನೊಬ್ಬ ರೋಗಿಯ ಮುಖ ಕಂಡಿಲ್ಲ.

1987ರ ಜೂನ್ ತಿಂಗಳಲ್ಲಿ ಡಾಕ್ಟರು ತಮ್ಮ ಮನೆಯಲ್ಲಿದ್ದ ಕಂಪ್ಯೂಟರನ್ನು ತಂದು ಬಾಯಾರ ಪಡಸಾಲೆಯಲ್ಲಿ ಇಟ್ಟರು. ಬಾಯಾರು ಮೂರು ತಿಂಗಳು ಪ್ರತಿ ರವಿವಾರ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಅದನ್ನು ನಡೆಸಲು ಕಲಿತರು. ರೋಗಿಗಳ ಹೆಸರು, ಊರು ಒಂದು ಫ್ಲಾಪಿಯಲ್ಲಿ, ಬರೀ ನಂಬರು ಮತ್ತು ಗುಳಿಗೆಯ ವಿವರ ಬೇರೆ ಫ್ಲಾಪಿಗಳಲ್ಲಿ ಎಂದು ಬೇರ್ಪಡಿಸಿದ್ದರು. ಹೆಸರಿನದು ಪಾಸ್‌ವರ್ಡ್ ಎಂಬ ಗುಟ್ಟಿನ ಶಬ್ದ ಹೊಡೆಯದೆ ತೆರೆಯುವುದಿಲ್ಲ. ನನ್ನ ಹೆಸರು ಸೇರಿಸುವ ದಿನ ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ನನ್ನದೊಂದೇ ಸಾಲು ತೋರಿಸಿ ಓದಿ ಹೇಳಿದರು. ಸರಿಯಿದೆಯೇ ಎಂದು ಕೇಳಿದರು. ನಂತರ, "ಹೆಸರು ನಿಮ್ದು ಕಾಕಾ. ನಮ್ಮ ಕಡೆ ಜ್ವಾಕಿಗೆ ಇಟ್ಟೀರಿ, ಅಷ್ಟ. ನೀವು ಬ್ಯಾಡ ಅಂದ್ರ ಬರಿಯಂಗಿಲ್ಲ," ಎಂದರು. ಸರಕಾರಿ ಕಾಗದಗಳಲ್ಲಿ ನನ್ನ ಹೆಸರು ಎಷ್ಟೋ ಕಡೆ ಇದೆ. ಬರೆಯಲೇ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಬಾಗಿಲು ಬಡಿದ ಸದ್ದಾದರೆ ಬಾಯಾರು ಮೊದಲು ಕಂಪ್ಯೂಟರಿನ ಮೇಲೆ ಬಟ್ಟೆ ಹಾಕಿ ಆಮೇಲೆ ಅಗಳಿ ತೆಗೆಯುತ್ತಿದ್ದರು. ಬಂದವರು ಅವರ ಸ್ವಂತ ತಂಗಿಯಾದರೂ ಹಾಗೆಯೇ.

ದಿನಾಂಕ 3-8-1988ರಂದು ಒಲೆಯ ಬೆಂಕಿ ತಾಗಿ ನನ್ನ ಎಡಗೈ ಮತ್ತೆ ಸುಟ್ಟಿತು. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಒಂದು ದಿನ ಬಿಟ್ಟು ಒಂದು ದಿನ ಬಾಯಾರಲ್ಲಿಗೆ ಹೋಗುತ್ತಿದ್ದೆ. ದಿನಾಂಕ 5-8-1988ರ ಶುಕ್ರವಾರ ಸಂಜೆ 4 ಗಂಟೆಗೆ ನಾನು ಅಡುಗೆ ಕೋಣೆಯಲ್ಲಿ ಕುಳಿತಿದ್ದಾಗ ಮುಂಬಾಗಿಲಿಗೆ ಯಾರೋ ಬಂದರು. ಪಡಸಾಲೆಗೂ ಅಡುಗೆ ಕೋಣೆಗೂ ನಡುವೆ ಪರದೆಯ ಬಟ್ಟೆ ಇರುವುದರಿಂದ ಮುಖ ಕಾಣಲಿಲ್ಲ, ಮಾತು ಕೇಳಿಸಿತು. ತಾನು ಕಂಪ್ಯೂಟರ್ ಕಂಪನಿಯವನೆಂದೂ, ಡಾಕ್ಟರೇ ಕಳಿಸಿದ್ದಾರೆಂದೂ, ಯಂತ್ರ ಪರೀಕ್ಷಿಸಲು ಪಾಸ್‌ವರ್ಡ್ ಬೇಕೆಂದೂ ಆತ ಹೇಳಿದ. ಬಾಯಾರು ಚೀಟಿ ಕೇಳಿದರು. ಆತ ಮರೆತು ಬಂದೆ ಎಂದ. ಡಾಕ್ಟರು ಇಲ್ಲಿಗೆ ಯಾವ ವಾರ ಬರುತ್ತಾರೆ ಎಂದು ಬಾಯಾರು ಕೇಳಿದರು. ಆತ ಶನಿವಾರ ಎಂದ. "ಹಂಗಾರ ಬುಧವಾರ ಬರ್ರಿ. ಡಾಕ್ಟರು ಇರ್ತಾರ, ಅವರ ಎದುರಿಗೇ ನೋಡುವಿರಂತ," ಎಂದು ಕಳಿಸಿದರು. ನಂತರ ನನಗೆ ಐದು ನಿಮಿಷ ಕಾಯಲು ಹೇಳಿ ಕಂಪ್ಯೂಟರ್ ಮುಂದೆ ಕುಳಿತರು. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, ಅಪರಿಚಿತನೊಬ್ಬ ಕೇಳಿಕೊಂಡು ಬಂದ ಮೇಲೆ ಹಳೆಯ ಶಬ್ದವನ್ನು ನಂಬಬಾರದು, ಬದಲಿಸಿದೆ ಎಂದು ಹೇಳಿದರು.

ದಿನಾಂಕ 9-8-1988ರ ಮಂಗಳವಾರ ಬೆಳಿಗ್ಗೆ 11-40ಕ್ಕೆ ಬಾಯಾರು ಅಡುಗೆ ಕೋಣೆಯಲ್ಲಿ ನನಗೆ ಪಟ್ಟಿ ಕಟ್ಟುತ್ತಿದ್ದರು. ಅಂದು ಹೇಗೋ ಅಗಳಿ ಹಾಕಿರದ ಮುಂಬಾಗಿಲನ್ನು ನೂಕಿಕೊಂಡು ಇಬ್ಬರು ಪಡಸಾಲೆಗೆ ಬಂದರು. ಬಾಯಾರು ಎದ್ದು ಹೋಗಿ ಅಡುಗೆ ಕೋಣೆಯ ಪರದೆಗೆ ಬೆನ್ನು ಕೊಟ್ಟು ನಿಂತರು. ಬಟ್ಟೆಯ ಕೆಳಗಿನ ಸಂದಿನಲ್ಲಿ ಅವರ ಹಿಮ್ಮಡಿ ನನಗೆ ಕಾಣುತ್ತಿತ್ತು. ಬಂದವರಲ್ಲಿ ಒಬ್ಬನ ದನಿ ಶುಕ್ರವಾರ ಬಂದವನದೇ. ಇನ್ನೊಂದು ದನಿ, ಊರಲ್ಲಿ ವರಸಂಬಂಧ ತೋರಿಸುವ ಶಂಕ್ರಪ್ಪನದು. ಶಂಕ್ರಪ್ಪನ ದನಿಯಲ್ಲಿ ನಾನು ತಪ್ಪುವ ಪ್ರಶ್ನೆಯೇ ಇಲ್ಲ. ನನ್ನ ಮಗಳಿಗೆ ಸಂಬಂಧ ತೋರಿಸಿದವನು ಆತನೇ. ಮಾತುಕತೆ ಮುಗಿದು ಕಾರ್ತೀಕದಲ್ಲಿ ಮದುವೆ ಎಂದಾಗಿದೆ.

ಶಂಕ್ರಪ್ಪನು, ಯಾವ ಯಾವ ಮನೆತನದಲ್ಲಿ ಆ ರೋಗ ಇದೆ ಎಂಬುದು ತನಗೆ ಗೊತ್ತಿರಬೇಕೆಂದೂ, ಗೊತ್ತಿದ್ದರೆ ಇಡೀ ತಾಲೂಕಿನ ಮನೆತನಗಳು ತನ್ನ ಮಾತು ಮೀರುವುದಿಲ್ಲವೆಂದೂ, ಹೆಸರು ತೆರೆದು ತೋರಿಸಬೇಕೆಂದೂ ಕೇಳಿದನು. ಬಾಯಾರು ಒಪ್ಪಲಿಲ್ಲ. ತೋರಿಸದಿದ್ದರೆ ಬಾಯಾರಿಗೇ ಆ ರೋಗ ಇದೆ ಎಂದು ಊರೆಲ್ಲ ಸಾರುವುದಾಗಿ ಆತ ಹೆದರಿಸಿದನು. ಅದಕ್ಕೆ ಬಾಯಾರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಸಾರ್ರಿ. ನಮ್ಮ ಮನ್ಯಾಗ ಯಾರೂ ನೀರು ಕುಡಿಯೂದಿಲ್ಲ, ಅಷ್ಟ ಹೌದಲ್ಲೊ? ನನ್ನ ಹೆಸರು ಏನರ ಮಾಡ್ಕೊರ್ರಿ. ಅವರ ಹೆಸರು ಕೊಡಾಕ ಅವು ನನ್ನವಲ್ಲ."

ಆಗ ಯಂತ್ರ ಬಲ್ಲವನು ಪೆಟ್ಟಿಗೆಯಲ್ಲಿದ್ದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದನು. ಒಂದು ಪಾಸ್‌ವರ್ಡ್ ಕೇಳಿತೆಂದು ಆತನ ಮಾತಿನಿಂದ ತಿಳಿಯಿತು. ಬಾಯಾರ ಹೆಸರು, ಅವರ ಗಂಡನ ಹೆಸರು, ತಂಗಿಯ ಹೆಸರು, ಊರ ದೇವರ ಹೆಸರು, ಅವರು ಹುಟ್ಟಿದ ಇಸವಿ, ಮನೆಯ ನಂಬರು ಎಲ್ಲವನ್ನೂ ಶಂಕ್ರಪ್ಪ ಹೇಳಿಕೊಡುತ್ತಿದ್ದನು, ಆತ ಹೊಡೆಯುತ್ತಿದ್ದನು. ಪ್ರತಿ ಸಲವೂ ಯಂತ್ರ ಕುಂಯ್ ಎಂದು ಸದ್ದು ಮಾಡುತ್ತಿತ್ತು. ಹದಿನೈದು ಇಪ್ಪತ್ತು ನಿಮಿಷ ಹೀಗೆ ನಡೆಯಿತು. "ಮಂದಿ ಸಾಮಾನ್ಯ ಇಂಥಾವ ಇಟ್ಟಿರ್ತಾರ್ರಿ. ಈಕಿ ಇಟ್ಟಿಲ್ಲ," ಎಂದು ಆತ ಶಂಕ್ರಪ್ಪನಿಗೆ ಹೇಳಿದನು. ಒಳಗೆ ಯಾರಿದ್ದಾರೆ ಎಂದು ಶಂಕ್ರಪ್ಪ ಪರದೆಯತ್ತ ಬಂದನು. ಯಾರೂ ಇಲ್ಲ ಎಂದು ಬಾಯಾರು ಅಡ್ಡ ನಿಂತರು. ಆತ ಅವರನ್ನು ನೂಕಿದನು. ಅವರ ಹಣೆ ಬಾಗಿಲ ಚೌಕಟ್ಟಿಗೆ ಬಡಿದ ಸದ್ದು ನನಗೆ ಕೇಳಿತು. ಆದರೂ ಅವರು ಅಲ್ಲಿಂದ ಕದಲಲಿಲ್ಲ. ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು, "ಒಳಗ ಕಾಲಿಟ್ರ ಓಣಿ ಕೂಡೂಹಂಗ ಒದರ್ತೀನಿ," ಎಂದರು. ಇಬ್ಬರೂ ಫ್ಲಾಪಿಗಳ ಪೆಟ್ಟಿಗೆ ಎತ್ತಿಕೊಂಡು 12-15ಕ್ಕೆ ಹೊರಟುಹೋದರು.

ನಾನು ಅವರಿಂದ ಒಂಬತ್ತು ಅಡಿ ದೂರದಲ್ಲಿದ್ದೆ. ಮೂವತ್ತೈದು ನಿಮಿಷ ನಾನು ಹೊರಗೆ ಬರಲಿಲ್ಲ. ಬಂದಿದ್ದರೆ ಶಂಕ್ರಪ್ಪ ನನ್ನನ್ನು ನೋಡುತ್ತಿದ್ದನು. ಖಾನಾವಳಿ ಮತ್ತು ಮಗಳ ಮದುವೆ ಬಿಟ್ಟು ಬೇರೇನೂ ಆಗ ನನ್ನ ತಲೆಯಲ್ಲಿ ಇರಲಿಲ್ಲ. ಹಿತ್ತಲ ಬಾಗಿಲು ನನ್ನ ಬಲಕ್ಕೇ ಇತ್ತು. ಓಡಿಹೋಗಿ ಯಾರನ್ನಾದರೂ ಕರೆದು ತರಬಹುದಿತ್ತು. ಅದನ್ನೂ ಮಾಡಲಿಲ್ಲ.

ಬಾಯಾರು ಒಳಗೆ ಬಂದರು. ಹಣೆಯಿಂದ ರಕ್ತ ಹುಬ್ಬಿನವರೆಗೆ ಇಳಿದಿತ್ತು. ನನ್ನ ಕೈಯ ಪಟ್ಟಿ ಅರ್ಧಕ್ಕೆ ನಿಂತಿತ್ತು. ಕೈ ತೊಳೆದುಕೊಂಡು ಬಂದು ಮೊದಲು ಅದನ್ನು ಪೂರ್ತಿ ಕಟ್ಟಿ ಗಂಟು ಹಾಕಿದರು. ಆಮೇಲೆ ತಮ್ಮ ಹಣೆಗೆ ಅರಳೆ ಒತ್ತಿಕೊಂಡರು. ಹೆಸರಿನ ಫ್ಲಾಪಿ ಹೋಯಿತೇ ಎಂದು ನಾನು ಕೇಳಿದೆ. ನಾನು ಕೇಳಬೇಕಾಗಿದ್ದ ಮೊದಲ ಮಾತು ಅದಲ್ಲ ಎಂದು ಮನೆಗೆ ಬಂದ ಮೇಲೆ ನನಗೆ ಹೊಳೆಯಿತು. ಅದು ಪೆಟ್ಟಿಗೆಯಲ್ಲಿ ಇರಲಿಲ್ಲ, ಪಾಸ್‌ವರ್ಡ್ ಕೇಳಿದ್ದು ಗುಳಿಗೆಯ ಫ್ಲಾಪಿ, ಅದಕ್ಕೂ ಒಂದು ಶಬ್ದ ಇಟ್ಟಿದ್ದೆ ಎಂದರು. ಎಲ್ಲಿಟ್ಟಿದ್ದೀರಿ ಎಂದೆ. "ಅದನ್ನ ನಿಮಗೂ ಹೇಳಂಗಿಲ್ಲ ಕಾಕಾ," ಎಂದು ಸ್ವಲ್ಪ ನಕ್ಕರು.

ಅದೇ ದಿನ ಬಾಯಾರು ಠಾಣೆಗೆ ಫಿರ್ಯಾದಿ ಕೊಟ್ಟರು. ಸಾಕ್ಷಿ ಯಾರಾದರೂ ಇದ್ದರೇ ಎಂದು ಕೇಳಿದಾಗ ಮನೆಯಲ್ಲಿ ತಾನೊಬ್ಬಳೇ ಇದ್ದೆ ಎಂದು ಬರೆಸಿದರು. ಅದು ನಿಜವಲ್ಲ. ನನಗಾಗಿ ಹಾಗೆ ಬರೆಸಿದರು. ಬಾಯಾರೇ ತನ್ನನ್ನು ಕರೆಸಿ ಹೆಸರು ಮಾರಲು ಬಂದರೆಂದು ಶಂಕ್ರಪ್ಪ ಊರಲ್ಲಿ ಹೇಳುತ್ತ ಬಂದನು. ಕಂಡ ಸಾಕ್ಷಿ ಇಲ್ಲದ್ದರಿಂದ ಜನ ಅದನ್ನು ನಂಬಿದರು. ದಿನಾಂಕ 17-8-1988ರ ಬುಧವಾರ ನಾನು ಹೋದಾಗ ಡಾಕ್ಟರು ಖಾಲಿ ಕುಳಿತಿದ್ದರು. ರೋಗಿಗಳು ಹೆದರಿ ಬರುತ್ತಿಲ್ಲ, ಗುಳಿಗೆ ನಡುವೆ ಬಿಟ್ಟರೆ ಕೈಕಾಲು ಹೋಗುತ್ತವೆ ಎಂದರು. ಯಾರು ಯಾರು ಬಂದಿಲ್ಲವೋ ಅವರ ಮನೆಗೆ ಹೋಗೋಣವೆಂದರೆ, ತಾನು ಬಾಗಿಲಿಗೆ ಹೋಗಿ ನಿಂತರೆ ಓಣಿಗೆ ಗೊತ್ತಾಗುತ್ತದೆ ಎಂದು ಬಾಯಾರು ಅಂದರು. ಆ ದಿನ ಮೊದಲ ಸಲ ಅವರ ಕಣ್ಣಲ್ಲಿ ನೀರು ಕಂಡೆ.

ದಿನಾಂಕ 18-8-1988ರಂದು ಮಧ್ಯಾಹ್ನ 1-20ಕ್ಕೆ ನನ್ನ ಖಾನಾವಳಿಯಲ್ಲಿ ಇಬ್ಬರು ಉಣ್ಣಲು ಕುಳಿತಿದ್ದರು. ಒಬ್ಬನ ದನಿ ಕೇಳಿ ನಾನು ಪಲ್ಯ ಬಡಿಸುವ ನೆಪದಲ್ಲಿ ಹತ್ತಿರ ನಿಂತೆ. ಅದು ಪರದೆಯಾಚೆ ಕೇಳಿದ ದನಿ. ಜೊತೆಗಿದ್ದವನು ಆತನನ್ನು ವಿರೂಪಾಕ್ಷ ಎಂದು ಕರೆದನು. ವಯಸ್ಸು ಸುಮಾರು 30, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು ಇದೆ. "ಹತ್ತ ದಿನಾ ಕುಂತೆ. ಎಲ್ಲಾ ತೆರದ್ರೂ ಬರೇ ನಂಬರು, ಬರೇ ಗುಳಿಗಿ. ಒಂದ ಹೆಸರಿಲ್ಲ. ಆ ಹೆಣ್ಣಮಗಳು ನಮಗಿಂತ ಶಾಣ್ಯಾಕಿ ಅದಾಳ," ಎಂದು ಆತ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಪೆಟ್ಟಿಗೆ ಶಂಕ್ರಪ್ಪನ ಅಟ್ಟದ ಮೇಲಿದೆ ಎಂದೂ ಹೇಳಿದನು.

ದಿನಾಂಕ 20-8-1988ರ ಶನಿವಾರ ಮಧ್ಯಾಹ್ನ 3-30ಕ್ಕೆ, ಊಟದ ಗದ್ದಲ ಮುಗಿದ ಮೇಲೆ, ಗುರವ್ವನಿಗೆ ಪರದೆಯ ಹಿಂದೆ ಕುಳಿತದ್ದನ್ನು ಹೇಳಿದೆ. ಆಕೆ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ ತೊಳೆಯುತ್ತಿದ್ದಳು, ನಿಲ್ಲಿಸಿದಳು. "ನಿಮ್ಮ ಸಲುವಾಗಿ ಆಕಿ ಹಣಿ ಒಡಕೊಂಡಾಳ. ನೀವು ಇಲ್ಲಿ ಕುಂತೀರಿ?" ಎಂದಳು. ಮಗಳ ಮದುವೆ ಎಂದೆ. "ಮುಚ್ಚಿಟ್ಟು ಕೊಟ್ರ ನಾಳೆ ಆ ಮನ್ಯಾಗ ಶಂಕ್ರಪ್ಪನ ಕೈಯಾಗ ಇರ್ತಾಳ ನಮ್ಮ ಮಗಳು. ಮೊದ್ಲ ಹೇಳೂಣು," ಎಂದಳು. ಅಂದೇ ಬೀಗರಿಗೆ ನಾನೇ ಕೈಯಾರೆ ಕಾಗದ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ದಿನಾಂಕ 21-8-1988ರ ರವಿವಾರ ಮಧ್ಯಾಹ್ನ 1 ಗಂಟೆಗೆ ಖಾನಾವಳಿಯಲ್ಲಿ 34 ಜನ ಇದ್ದರು. ನನಗೆ ಕುಷ್ಠರೋಗ ಇತ್ತೆಂದೂ, ಗುಳಿಗೆ ಮುಗಿಯುತ್ತ ಬಂದಿದೆಯೆಂದೂ, ಡಾಕ್ಟರು ಹೇಳಿದ್ದು ಇಂತಿಂಥದ್ದೆಂದೂ ಎಲ್ಲರೆದುರು ಹೇಳಿದೆ. 19 ಜನ ತಾಟು ಬಿಟ್ಟು ಎದ್ದು ಹೋದರು. ಉಳಿದವರು ಏಳಲಿಲ್ಲ. ಚಕ್ಕಡಿ ಹೊಡೆಯುವ ದಾವೂದಸಾಬನು, "ಕಾಕಾ, ಬಿಸಿ ರೊಟ್ಟಿ ಇನ್ನೊಂದು ಹಾಕ್ರಿ," ಎಂದನು. ನಾನೇ ಬಡಿಸಿದೆ.

ಅದೇ ದಿನ ಸಂಜೆ 4-30ಕ್ಕೆ ನಾನು ಬಾಯಾರ ಮನೆಗೆ ಮುಂಬಾಗಿಲಿನಿಂದ ಹೋದೆ. ಓಣಿಯವರು ಕಟ್ಟೆಯ ಮೇಲೆ ಕುಳಿತಿದ್ದರು. ಬಾಯಾರು ಗಾಬರಿಯಾಗಿ, "ಇಲ್ಲಿಂದ ಯಾಕ ಬಂದ್ರಿ ಕಾಕಾ? ಮಂದಿ ನೋಡಾಕತ್ತಾರ," ಎಂದರು. ನಾಳೆ ಠಾಣೆಗೆ ಹೋಗಿ ಕಂಡದ್ದು, ಕೇಳಿದ್ದು ಎಲ್ಲ ಬರೆಸುತ್ತೇನೆ ಎಂದೆ. ಅದಕ್ಕೆ ಅವರು, "ನಾ ಹೇಳ್ರಿ ಅನ್ನಂಗಿಲ್ಲ, ಬ್ಯಾಡ ಅನ್ನಾಕೂ ಬರೂದಿಲ್ಲ. ಹೆಸರು ನಿಮ್ದು," ಎಂದರು. ಮೂವತ್ತೈದು ನಿಮಿಷ ಸುಮ್ಮನಿದ್ದದ್ದಕ್ಕೆ ನಾನು ಕ್ಷಮೆ ಕೇಳಿದೆ. ನೀವು ಹೊರಗೆ ಬರಬಾರದೆಂದೇ ನಾನು ಅಡ್ಡ ನಿಂತದ್ದು, ಬಂದಿದ್ದರೆ ನಿಂತದ್ದು ದಂಡವಾಗುತ್ತಿತ್ತು ಎಂದು ಹೇಳಿದರು.

ಇವತ್ತು ಈ ಹೇಳಿಕೆ ಬರೆದುಕೊಳ್ಳುವಾಗ ಹವಾಲ್ದಾರ ಬೀರಲಿಂಗಪ್ಪನವರು, ರೋಗದ ಹೆಸರು ಬೇಡವಾದರೆ ಸುಟ್ಟ ಗಾಯದ ಔಷಧಕ್ಕೆ ಹೋಗಿದ್ದೆ ಎಂದಷ್ಟೇ ಬರೆಯಬಹುದು, ಕೇಸಿಗೆ ಅದು ಸಾಕಾಗುತ್ತದೆ ಎಂದು ನನಗೆ ತಿಳಿಸಿದರು. ನಾನು ರೋಗದ ಹೆಸರು ಬರೆಯಲು ಹೇಳಿದೆ. ಬೇರೆ ರೋಗಿಗಳ ಹೆಸರು ಗೊತ್ತಿದೆಯೇ ಎಂದೂ ಕೇಳಿದರು. ಗೊತ್ತಿಲ್ಲ. ಒಂದು ಹೆಸರೂ ಗೊತ್ತಿಲ್ಲ. ಅವರ ಪೈಕಿ ಯಾರಾದರೂ ನನ್ನ ಖಾನಾವಳಿಯಲ್ಲೇ ಉಂಡಿರಬಹುದು, ನಿನ್ನೆ ತಾಟು ಬಿಟ್ಟು ಎದ್ದವರಲ್ಲೂ ಇರಬಹುದು. ಅವರು ಯಾರೇ ಇರಲಿ, ಅವರ ಹೆಸರು ಹೊರಬಿದ್ದಿಲ್ಲ, ಬುಧವಾರ ಗುಳಿಗೆಗೆ ಬರಬಹುದು ಎಂಬ ಮಾತು ಊರಿಗೆ ಮುಟ್ಟಲಿ ಎಂದೇ ನಾನು ಇಷ್ಟು ಹೇಳಿದ್ದೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ನನ್ನ ಹೆಸರನ್ನು ಗುಪ್ತವಾಗಿಡಬೇಕೆಂದು ನಾನು ಕೇಳಿಲ್ಲ.

ಸ್ಥಳ: ಕುಂದಗೋಳ
ದಿನಾಂಕ: 22-8-1988

ಸಹಿ
ಮಡಿವಾಳೆಪ್ಪ ರುದ್ರಪ್ಪ ಕೊಪ್ಪದ