ಜೀಪಿನ ಬಾವುಟ

ಗೋಣಿಕೊಪ್ಪಲಿನ ಹಲ್ಲಿನ ಡಾಕ್ಟರ ಬಳಿ ಪದ್ಮಾಕ್ಷಿ ಟೀಚರು ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು ಸರದಿ ಕಾಯುತ್ತಿದ್ದರು. ಬಾಯಿಗೆ ಬಿಡುವು ಸಿಕ್ಕಿದ್ದರಿಂದ ಕಿವಿಗೆ ಕೆಲಸ ಸಿಕ್ಕಿತ್ತು. ಪಕ್ಕದಲ್ಲಿ ಪಾಲಿಬೆಟ್ಟದ ಕಾಫಿ ಎಸ್ಟೇಟಿನ ಒಡತಿ ದೇಚಮ್ಮ. ಎದುರಿಗೆ ಅದೇ ಎಸ್ಟೇಟಿನ ಕೂಲಿಯಾಳುಗಳ ಲೈನುಮನೆಯಲ್ಲಿರುವ, ಕಾರ್ಮಿಕ ಸಂಘದ ಸೆಲ್ವಿ.

“ಬೆಟ್ಟದ ಮೇಲೆ ರೆಸಾರ್ಟ್ ಬೇಡ ಅಂತ ನಾಡಿದ್ದು ಮೆರವಣಿಗೆ. ಲೈನಿನವರನ್ನೆಲ್ಲ ಕರ್ಕೊಂಡು ಬಾ, ಸೆಲ್ವಿ.”

“ಬರ್ತೀವಮ್ಮ. ಆ ಬೆಟ್ಟದ ನೀರೇ ಅಲ್ವಾ ನಾವೂ ಕುಡಿಯೋದು.”

“ನಿಮ್ಮ ಸಂಘದ ಕೆಂಪು ಬಾವುಟ ಮಾತ್ರ ತರ್ಬೇಡಿ. ಇದು ಪರಿಸರದ ವಿಷಯ, ರಾಜಕೀಯ ಬೇಡ.”

“ಸಾವ್ಕಾರ್ರ ಜೀಪು ಮುಂದಿರುತ್ತಾ?”

“ಇರ್ದೆ ಮತ್ತೆ? ನಮ್ಮ ಯಜಮಾನ್ರೇ ಅಲ್ವಾ ಸಮಿತಿ ಅಧ್ಯಕ್ಷರು.”

“ಅದರ ಮೇಲೆ ಪಾರ್ಟಿ ಬಾವುಟ ಇದ್ಯಲ್ಲಮ್ಮ.”

“ಅಯ್ಯೋ, ಅದು ಯಾವಾಗ್ಲೂ ಇರೋದೇ.”

“ನಮ್ಮದೂ ಯಾವಾಗ್ಲೂ ಇರೋದೇ.”

ಪದ್ಮಾಕ್ಷಿ ಟೀಚರ ಕೈ ಕೆನ್ನೆಯಿಂದ ಜಾರಿತು.

ಅಷ್ಟರಲ್ಲಿ ನರ್ಸ್ ದೇಚಮ್ಮನವರ ಹೆಸರು ಕೂಗಿದಳು. ಬ್ಯಾಗು ಎತ್ತಿಕೊಂಡು ಎದ್ದವರು ಬಾಗಿಲಲ್ಲಿ ನಿಂತು ತಿರುಗಿದರು.

“ಸರಿ, ತನ್ನಿ. ಆದ್ರೆ ಚಿಕ್ಕದು ಸಾಕು.”

“ಜೀಪಿಂದು ಎಷ್ಟು ದೊಡ್ಡದೋ ಅಷ್ಟೇ ತರ್ತೀವಮ್ಮ.”