ಸೆಂಟ್ರಿಂಗ್ ಬಿಚ್ಚಿಸಿದ ಮೇಸ್ತ್ರಿ

ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಆ ಸಂಜೆ ಮಳೆಗೆ ಕರೆಂಟು ಹೋಗಿತ್ತು. ನಿರುಪಮಾ ಮನೆಗೆ ಊಟಕ್ಕೆ ಬಂದವರೆಲ್ಲ ಮೇಣದಬತ್ತಿಯ ಸುತ್ತ ಕೂತಿದ್ದರು. ಎಂಜಿನಿಯರ್ ಗಾರ್ಗಿ ಮಾತ್ರ ಖುಷಿಯಲ್ಲಿದ್ದಳು. ಫ್ರಾನ್ಸಿನಲ್ಲಿ ಹದಿಮೂರನೆಯ ಶತಮಾನದ ಒಂದು ಕೆಥೆಡ್ರಲ್. ಅದರ ಕುಸಿದಿದ್ದ ಕಮಾನು ಚಾವಣಿಯನ್ನು ಹಳೆಯ ಕ್ರಮದಲ್ಲೇ ಕಲ್ಲು, ಸುಣ್ಣದ ಗಾರೆಯಿಂದ ಮರಳಿ ಕಟ್ಟಿದ್ದರು. ಅದನ್ನು ಹೊತ್ತಿದ್ದ ಮರದ ಸೆಂಟ್ರಿಂಗ್ ಇನ್ನು ಬಿಚ್ಚಬಹುದೆಂದು ಅವಳು ಮಾರಿಸ್‌ಟೌನ್ ಆಫೀಸಿನಿಂದ ಮಧ್ಯಾಹ್ನವಷ್ಟೇ ಒಪ್ಪಿಗೆ ಕಳಿಸಿದ್ದಳು. ಅಲ್ಲಿ ಬೆಳಗಾದೊಡನೆ ಕೆಲಸ ಶುರು.

"ಇಲ್ಲಿ ಕೂತ್ಕೊಂಡೇ ಬಿಚ್ಚಿಸ್ತೀಯೇನಮ್ಮ?" ಎಂದರು ಶಂಕರನಾರಾಯಣ. ಇಂಥ ಕಟ್ಟಡಗಳಲ್ಲೇ ದುಡಿದು ನಿವೃತ್ತರಾದ ಎಂಜಿನಿಯರ್.

"ಕಮಾನಲ್ಲಿ ಸೆನ್ಸರ್ ಇದೆಯಲ್ಲ ಅಂಕಲ್, ಅಳತೆಯೆಲ್ಲ ಇಲ್ಲಿಗೇ ಬರುತ್ತೆ. ಈಗೆಲ್ಲಾ ಪೈಜಾಮದಲ್ಲೇ ಚರ್ಚ್ ಕಟ್ತೀವಿ."

ಎಲ್ಲರೂ ನಕ್ಕರು. ಶಂಕರನಾರಾಯಣ ಮಾತ್ರ ನಗಲಿಲ್ಲ.

"ಹಾಗಾದ್ರೆ ಕೇಳಿ... ಆ ಕಾಲದಲ್ಲಿ ಚಾವಣಿ ಅಷ್ಟೆತ್ತರಕ್ಕೆ ಹೋಗಿದ್ದು ಹೇಗೆ? ಚೂಪು ಕಮಾನು ಭಾರಾನ ಕಂಬಕ್ಕೆ ಇಳಿಸುತ್ತೆ, ಪಕ್ಕಕ್ಕೆ ತಳ್ಳೋದನ್ನ ಹೊರಗಿನ ಕಲ್ಲಿನ ತೋಳುಗಳು ತಡೀತವೆ, ಅದಕ್ಕೇ ಗೋಡೆ ತುಂಬಾ ಬಣ್ಣದ ಗಾಜು ಕೂರಿಸೋಕಾಯ್ತು. ಸರಿ. ಆದ್ರೆ ಸುಣ್ಣದ ಗಾರೆ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಆಯ್ತೋ ಇಲ್ವೋ, ಯಾರು ಹೇಳ್ಬೇಕು? ಫ್ರಾನ್ಸಲ್ಲೇ ನಾನು ಕೆಲಸ ಮಾಡಿದ ಊರಲ್ಲಿ ಹಿಂದೆ ಒಂದು ಕಟ್ಟಳೆ ಇತ್ತಂತೆ. 'ಬಿಚ್ಚಿ' ಅಂದ ಮೇಸ್ತ್ರಿ ಕಮಾನಿನ ನೆತ್ತಿಗಲ್ಲಿನ ನೇರ ಕೆಳಗೆ ನಿಂತ್ಕೋಬೇಕು. ಒಬ್ಬ ಮಾತ್ರ ಬಾಗಿಲ ಆಚೆ ನಿಂತು ಕೂಗಿದ. ಕಮಾನು ಕುಸೀತು. ಒಳಗಿದ್ದವರು... ಒಬ್ಬರೂ ಉಳೀಲಿಲ್ಲ. ಅವನು ಮುದುಕನಾಗಿ ಹಾಸಿಗೆ ಮೇಲೆ ಸತ್ತ. ಸತ್ತ ಮೇಲೆ, 'ಬಿಚ್ಚಿ' ಅಂದವರ ಪಕ್ಕ ಬಂದು ನಿಂತ್ಕೊಳ್ಳೋಕೆ ಶುರು ಮಾಡಿದ."

ಯಾರೋ ಕೆಮ್ಮಿದರು. ಶಂಕರನಾರಾಯಣ ಮುಂದುವರಿಸಿದರು.

"ನಾನು ಬಿಚ್ಚಿಸಿದ ದಿನ ಕೆಲಸಗಾರರು ಬಿಡದೆ ನನ್ನನ್ನೂ ಕೆಳಗೆ ನಿಲ್ಲಿಸಿದ್ರು. ಪಕ್ಕದಲ್ಲಿ ಒಬ್ಬ ಇದ್ದ, ಮೈಯೆಲ್ಲ ಸುಣ್ಣ, ಕತ್ತೆತ್ತಿ ಮೇಲೇ ನೋಡ್ತಾ... ಬೆಣೆಗಳು ಸಡಿಲವಾದ್ವು, ಕಲ್ಲು ಕೂದಲೆಳೆಯಷ್ಟು ಇಳಿದು ಕೂತ್ಕೊಳ್ತು. ತಿರುಗಿದ್ರೆ ಯಾರೂ ಇಲ್ಲ. ಮುಂದಿನ ಕಮಾನಿಗೆ ನನ್ನ ಜೊತೆ ಕೆಲಸ ಮಾಡ್ತಿದ್ದ ಚಂದ್ರಶೇಖರ ಇಲ್ಲೇ ಪಕ್ಕದ ಊರು ಮಾನ್ಮತ್ ಜಂಕ್ಷನ್‌ನ ಮನೆಯಿಂದ್ಲೇ, ಫೋನಲ್ಲಿ, 'ಬಿಚ್ಚಿ' ಅಂದ. ಕಮಾನೇನೋ ನಿಂತಿತು. ಆದ್ರೆ ಮೇಸ್ತ್ರಿ ಇವನ ಅಡುಗೆಮನೇಲಿ ಬಂದು ನಿಂತ. ಏನೂ ಮಾಡಲ್ಲ, ಸೂರು ನೋಡ್ತಾನೆ, ಅಷ್ಟೆ. ಕಮಾನಿನ ಕೆಳಗೆ ನಿಲ್ಲದೆ ತಪ್ಪಿಸ್ಕೊಂಡೋನ ಮನೇಲಿ ಅವನು ನೋಡ್ತಾ ನಿಂತ ಸೂರು ಎಷ್ಟು ದಿನ ಉಳಿಯುತ್ತೆ ಹೇಳಿ? ಆ ಚಳಿಗಾಲ ರೂಫ್ ಬಿತ್ತು. ಚಂದ್ರು ಕೆಳಗೇ ಇದ್ದ. 'ಸ್ನೋ ಲೋಡ್' ಅಂದ್ರು ಇನ್ಶೂರೆನ್ಸ್‌ನೋರು. ನಾನು ಲೆಕ್ಕ ಹಾಕಿ ನೋಡಿದೆ... ಆ ಹಿಮಕ್ಕೆ ಬೀಳೋ ರೂಫ್ ಅಲ್ಲಮ್ಮ ಅದು."

ಗಾರ್ಗಿಗೆ ನಗು ಬಂತು, ಪೂರ್ತಿ ಬರಲಿಲ್ಲ. ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದುಕೊಂಡಳು. ಎಂದುಕೊಳ್ಳುತ್ತಲೇ ಫೋನ್ ತೆಗೆದು, ತಾನು ಅಲ್ಲಿಗೆ ಬರುವವರೆಗೆ ಬಿಚ್ಚಬೇಡಿ ಎಂದು ಬರೆಯತೊಡಗಿದಳು.

"ಬೇಗ ಕಳಿಸಮ್ಮ," ಎಂದರು ಶಂಕರನಾರಾಯಣ, ಮೊಸರನ್ನ ಕಲೆಸುತ್ತ. "ಊಟಕ್ಕೆ ಕೂತಾಗಿನಿಂದ ನಿನ್ನ ಕುರ್ಚಿ ಹಿಂದೆ ನಿಂತ್ಕೊಂಡು ನಿರುಪಮನ ಮನೆ ಸೂರು ನೋಡ್ತಿದ್ದಾನೆ."